ಫೋನು ಪರದೇಶಕ್ಕೆ ಹೋದರೆ ಮನೆ ಖಾಲಿಯೇ?

ಹಾಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಟ್ಯೂಲಿಪ್ ಹೂವಿನ ಬಗ್ಗೆ. ನಾನು ಹೋದದ್ದು ದಸರಾ ಸಮಯದಲ್ಲಿ. ಆಗ ಅಲ್ಲಿ ಟ್ಯೂಲಿಪ್ ಇರುವುದಿಲ್ಲ, ಮಳೆ ಇರುತ್ತದೆ. ಗಾಳಿಯಂತ್ರವೊಂದನ್ನು ರೈಲಿನ ಕಿಟಕಿಯಿಂದ ನೋಡಿದೆ, ಅದು ತಿರುಗುತ್ತಿರಲಿಲ್ಲ. ಹೂವು, ಚೀಸು, ಚಿತ್ರಶಾಲೆ ಬೇಕಾದವರು ಬೇರೆಯವರ ಪ್ರವಾಸ ಕಥನ ಓದಿಕೊಳ್ಳಬಹುದು. ನಾನು ಬರೆಯುತ್ತಿರುವುದು ನಮ್ಮ ಮನೆಯ ನೀರಿನ ಮೋಟಾರ್ ಹಾಕಲು ಉಟ್ರೆಕ್ಟ್ ಎಂಬ ಊರಿನಲ್ಲಿ ಕುಳಿತು ನಾನು ಪಟ್ಟ ಪಾಡನ್ನು.

ನಾನು ಮತ್ತು ನನ್ನ ತಮ್ಮ ರಘು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತೇವೆ. ಸಂಪಿನಿಂದ ಮಹಡಿಯ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟಾರಿಗೆ ಸ್ಟಾರ್ಟರ್ ಡಬ್ಬಿ ಮಾಡುವುದು ನಮ್ಮ ಕೆಲಸ. ಹಸಿರು ಗುಂಡಿ ಒತ್ತಿದರೆ ಮೋಟಾರ್ ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಇದರಲ್ಲಿ ತಿಳಿಯದೇ ಇರುವಂಥದ್ದು ಏನೂ ಇಲ್ಲ, ರಘುವಿಗೆ ಅದೇ ಬೇಸರ. ಉಟ್ರೆಕ್ಟಿನ ಒಂದು ಕಂಪನಿ ಹೊಸ ಬಗೆಯ ಡಬ್ಬಿ ವಿನ್ಯಾಸ ಮಾಡಿಕೊಡುತ್ತೇವೆ, ನೀವು ತಯಾರಿಸಿ ಎಂದಾಗ ಅವನು ಕುಣಿದಾಡಿಬಿಟ್ಟ. ಹೊಸ ಡಬ್ಬಿ ನುಣ್ಣಗೆ, ಬೆಳ್ಳಗೆ, ಸೋಪಿನ ಬಿಲ್ಲೆಯ ಹಾಗಿತ್ತು. ಗುಂಡಿಯೇ ಇಲ್ಲ, ಎಲ್ಲವೂ ಫೋನಿನಲ್ಲಿ. ಪರೀಕ್ಷೆಗೆಂದು ಒಂದನ್ನು ನಮ್ಮ ಮನೆಗೇ ಹಾಕಿಸಿ, ನನ್ನ ಫೋನಿಗೆ ಜೋಡಿಸಿ, ಕೊನೆಯ ಒಪ್ಪಿಗೆಗೆ ಸಹಿ ಹಾಕಲು ನನ್ನನ್ನೂ ಕರೆದುಕೊಂಡು ಹೊರಟ.

ಮೊದಲ ದಿನ: ಯಾರೂ ಇಲ್ಲದ ಹೋಟೆಲು

ವಿಮಾನ ಇಳಿದ ಕೂಡಲೇ ರಘು ನನ್ನ ಫೋನು ಕಿತ್ತುಕೊಂಡು ನಮ್ಮೂರಿನ ಸಿಮ್ ತೆಗೆದು ಅಲ್ಲಿಯ ಸಿಮ್ ಹಾಕಿದ. "ಇದಿಲ್ದಿದ್ರೆ ಹೋಟೆಲ್ ಬಾಗಿಲೂ ತೆಗೆಯಲ್ಲ ಅಕ್ಕ" ಎಂದ. ನಾನು ತಮಾಷೆ ಅಂದುಕೊಂಡೆ.

ಹೋಟೆಲಿನಲ್ಲಿ ಮನುಷ್ಯರು ಇರಬೇಕಾದ ಕಡೆ ಒಂದು ಕುಂಡ ಇತ್ತು. ಅದರ ಹಿಂದೆ 'ನಿಮ್ಮ ಅನುಭವವೇ ನಮಗೆ ಮುಖ್ಯ' ಎಂಬ ಫಲಕ. ನನ್ನ ಅನುಭವವನ್ನು ಯಾರಿಗಾದರೂ ಹೇಳೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲಿಗೆ ಫೋನು, ಲಿಫ್ಟಿಗೆ ಫೋನು, ಕೋಣೆ ಬೆಚ್ಚಗೆ ಮಾಡಿಕೊಳ್ಳಲು ಫೋನು. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಫೋನಿನ ಚಾರ್ಜ್ ಮುಗಿದುಹೋಗಿ, ನನ್ನ ರೂಮಿನ ಎದುರು ನಾನೇ ಕಳ್ಳಿಯ ಹಾಗೆ ನಿಂತೆ. ಚಾರ್ಜರ್ ಒಳಗಿತ್ತು. ರಘುವಿನ ರೂಮಿಗೆ ಹೋಗಿ, ಅವನ ಮಂಚದ ಮೇಲೆ ಕುಳಿತು, ನನ್ನ ಕೋಣೆಯ ಬೀಗದಕೈಗೆ ಕರೆಂಟು ಕುಡಿಸಿದೆ.

ಸ್ನಾನದ ಮನೆಯ ಕಥೆ ಇನ್ನೂ ಚೆನ್ನ. ಅಲ್ಲಾಡದೆ ನಿಂತರೆ ಒಳಗೆ ಯಾರೂ ಇಲ್ಲವೆಂದು ದೀಪ ತಾನೇ ಆರುತ್ತದೆ. ಮುಖಕ್ಕೆ ಸೋಪು ಹಚ್ಚಿಕೊಂಡು ಕತ್ತಲಲ್ಲಿ ಕೈ ಬೀಸುತ್ತಾ, ನಾನು ಇದ್ದೇನೆ, ಇದ್ದೇನೆ ಎಂದು ಗೋಡೆಗೆ ಸಾಬೀತು ಮಾಡಬೇಕಾಯಿತು. ಮೆಜೆಸ್ಟಿಕ್ಕಿನ ಎಂಥ ಕಳಪೆ ಲಾಡ್ಜಿನಲ್ಲೂ ಬನಿಯನ್ ಹಾಕಿಕೊಂಡವನೊಬ್ಬ ಆಕಳಿಸುತ್ತಾ ಎದ್ದು "ಏನ್ ಬೇಕಿತ್ತು ಮೇಡಂ?" ಅನ್ನುತ್ತಾನೆ. ಆ ಆಕಳಿಕೆಯ ಬೆಲೆ ನನಗೆ ಅಂದು ತಿಳಿಯಿತು.

ಎರಡನೆಯ ದಿನ: ಪ್ರಿಯಾಳ ಕುರ್ಚಿ

ಕಂಪನಿಯ ಕಚೇರಿ ಕಾಲುವೆಯ ಪಕ್ಕದ ಹಳೆಯ ಉಗ್ರಾಣವೊಂದರಲ್ಲಿತ್ತು. ಗಾಜಿನ ಗೋಡೆಯ ಮೇಲೆ ಮೊಣಕೈಯುದ್ದದ ಅಕ್ಷರದಲ್ಲಿ 'ಗ್ರಾಹಕರೇ ಮೊದಲು' ಎಂದು ಬರೆದಿತ್ತು. ಗೋಡೆ ತುಂಬಾ ಹಳದಿ ಚೀಟಿಗಳು. ವಿನ್ಯಾಸದ ಮುಖ್ಯಸ್ಥ ಯೊರಿಸ್ ಎಂಬ ಎತ್ತರದ ಹುಡುಗ ನಗುನಗುತ್ತಾ ಕೈ ಕುಲುಕಿ, ಕಾಫಿ ಕೊಟ್ಟು, ಡಬ್ಬದಿಂದ ಒಂದು ಬಿಸ್ಕತ್ತು ಕೊಟ್ಟು, ಡಬ್ಬ ಮುಚ್ಚಿದ. ಎರಡನೆಯ ಬಿಸ್ಕತ್ತು ಆ ದೇಶದಲ್ಲಿ ನಾನು ಕಾಣಲಿಲ್ಲ.

ಸಭೆಯ ಕೋಣೆಯಲ್ಲಿ ಎಲ್ಲರೂ ಕೂತರು. ನನಗೆ ಕುರ್ಚಿ ಇರಲಿಲ್ಲ. ಇದ್ದ ಒಂದರಲ್ಲಿ ರಟ್ಟಿನಲ್ಲಿ ಕತ್ತರಿಸಿದ ಹೆಂಗಸೊಬ್ಬಳು ಕೂತಿದ್ದಳು. ಹಣೆಗೆ ಬೊಟ್ಟು, ಕೈಯಲ್ಲಿ ಲ್ಯಾಪ್‌ಟಾಪು.

"ಇವರು ಪ್ರಿಯಾ, ನಮ್ಮ ಭಾರತದ ಗ್ರಾಹಕಿ. ನಮ್ಮ ಪ್ರತಿ ಸಭೆಯಲ್ಲೂ ಗ್ರಾಹಕರಿಗೆ ಒಂದು ಕುರ್ಚಿ ಮೀಸಲು" ಎಂದ ಯೊರಿಸ್ ಹೆಮ್ಮೆಯಿಂದ. ನನಗೆ ಪಕ್ಕದ ಅಡುಗೆಕೋಣೆಯಿಂದ ಒಂದು ಸ್ಟೂಲ್ ತಂದರು. ಆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಎದ್ದು ಸಂಪಿನ ಮೋಟಾರ್ ಹಾಕುವ ಏಕೈಕ ಪ್ರಾಣಿ ನಾನು. ನಾನು ಸ್ಟೂಲಿನ ಮೇಲೆ, ರಟ್ಟು ಕುರ್ಚಿಯ ಮೇಲೆ.

ಪ್ರಿಯಾ ಗಂಡ ಮತ್ತು ಒಂದು ನಾಯಿಯ ಜೊತೆ ಸ್ವಂತ ಮನೆಯಲ್ಲಿ ವಾಸಿಸುತ್ತಾಳೆ. ಯೋಗ ಮಾಡುತ್ತಾಳೆ. ಅವಳಿಗೆ ಬೇಕಾಗಿರುವುದು ನೆಮ್ಮದಿ. ಮಾತುಮಾತಿಗೆ ಯಾರಾದರೂ "ಇದಕ್ಕೆ ಪ್ರಿಯಾ ಏನು ಹೇಳುತ್ತಾಳೆ?" ಎಂದು ಕೇಳುವುದು, ಎಲ್ಲರೂ ರಟ್ಟಿನ ಕಡೆ ನೋಡುವುದು. ಎಷ್ಟು ಒಳ್ಳೆಯ ಹೆಂಗಸು, ಒಂದಕ್ಕೂ ಎದುರು ಮಾತಾಡಲಿಲ್ಲ.

"ಇವಳ ಅತ್ತೆ ಎಲ್ಲಿ?" ಎಂದು ಕೇಳಿದೆ. "ಕೆಳಗಿನ ಮನೆಯ ಬಾಡಿಗೆಯವರು? ಪಾತ್ರೆ ತೊಳೆಯಲು ಬರುವವಳು?"

ಯೊರಿಸ್ ಮೆಲ್ಲಗೆ ನಕ್ಕ. "ವಿನ್ಯಾಸ ಸರಳವಾಗಿರಬೇಕು. ಒಂದು ಮನೆ, ಒಂದು ಫೋನು."

ಅವನಿಗೆ ಹೇಗೆ ಹೇಳಲಿ? ನಮ್ಮ ಕಡೆ ಮೋಟಾರಿನ ಸ್ವಿಚ್ಚು ಮನೆಯೊಡೆಯನ ಸ್ವತ್ತಲ್ಲ. ಅದು ಮೆಟ್ಟಿಲ ಕೆಳಗೋ ಗೇಟಿನ ಪಕ್ಕವೋ ಇರುತ್ತದೆ, ಯಾರ ನಲ್ಲಿಯಲ್ಲಿ ಮೊದಲು ನೀರು ನಿಲ್ಲುತ್ತದೋ ಅವರು ಹಾಕುತ್ತಾರೆ. ಆಫ್ ಮಾಡುವ ಹಕ್ಕಂತೂ ಇಡೀ ಬೀದಿಗೆ ಸೇರಿದ್ದು. ಟ್ಯಾಂಕ್ ತುಂಬಿ ಸುರಿಯುತ್ತಿದ್ದರೆ ಹೂವಿನವಳು ಗೇಟು ತೆಗೆದು ಒಳಗೆ ಬಂದು ಕೆಂಪು ಗುಂಡಿ ಒತ್ತಿ ಹೋಗುತ್ತಾಳೆ. ಪಾರ್ಸೆಲ್ ತಂದವನು "ಆಂಟಿ, ನೀರು ಹೋಗ್ತಾ ಇದೆ!" ಎಂದು ಕೂಗಿ, ಯಾರೂ ಬರದಿದ್ದರೆ ತಾನೇ ನಿಲ್ಲಿಸುತ್ತಾನೆ. ಯಾರಿಗೂ ಅದು ಅತಿಕ್ರಮಣ ಅನ್ನಿಸುವುದಿಲ್ಲ. ಇದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಯೊರಿಸ್ ಕಣ್ಣರಳಿಸಿ ಕೇಳಿ, ಒಂದು ಹಳದಿ ಚೀಟಿಯಲ್ಲಿ 'ಸಮುದಾಯ' ಎಂದು ಬರೆದು ಗೋಡೆಗೆ ಅಂಟಿಸಿದ. ಅಲ್ಲಿಗೆ ಮುಗಿಯಿತು.

"ಯಾಕಕ್ಕ ಪಾಪ ಅವರ ತಲೆ ತಿಂತೀಯ? ಅವರು ಎಷ್ಟು ರಿಸರ್ಚ್ ಮಾಡಿದಾರೆ ಗೊತ್ತಾ?" ಎಂದ ರಘು ಹೊರಗೆ ಬಂದ ಮೇಲೆ. ಇವನು ಇರುವುದು ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ನೀರು ಹತ್ತಿಸುವುದು ಅಸೋಸಿಯೇಷನ್ನಿನವರು. ಇವನು ಮೋಟಾರ್ ಮುಟ್ಟಿ ಎಷ್ಟು ವರ್ಷವಾಯಿತೋ ಇವನಿಗೇ ನೆನಪಿಲ್ಲ.

ಮೂರನೆಯ ದಿನ: ಕಾಲುವೆಯ ದಂಡೆ

ಆ ಊರಿನವರು ಮಧ್ಯಾಹ್ನ ತಣ್ಣಗಿನ ಬ್ರೆಡ್ಡಿಗೆ ತಣ್ಣಗಿನ ಚೀಸು ಇಟ್ಟು ತಿಂದು, ಊಟವಾಯಿತು ಅನ್ನುತ್ತಾರೆ. ಮಳೆಯಲ್ಲಿ ನೆನೆಯುತ್ತಾ ಸೈಕಲ್ ತುಳಿಯುತ್ತಾರೆ, ಛತ್ರಿ ಹಿಡಿದವರನ್ನು ನೋಡಿ ನಗುತ್ತಾರೆ. ಮನೆಯ ಕಿಟಕಿಗೆ ಪರದೆ ಹಾಕುವುದಿಲ್ಲ, ಆದರೆ ಒಳಗೆ ನೋಡಬಾರದಂತೆ. ಹಾಗಾದರೆ ಯಾಕೆ ತೆರೆದಿಟ್ಟಿದ್ದೀರಿ ಎಂದು ಕೇಳಬೇಕೆನಿಸಿತು. ಕಾಲುವೆಯ ದಂಡೆಯಲ್ಲಿ ಕೂತು ನಾನೂ ಆ ಬ್ರೆಡ್ಡನ್ನು ನುಂಗಲು ಹೆಣಗುತ್ತಿದ್ದಾಗ, ಮನೆಯಲ್ಲಿ ಉಳಿದಿದ್ದ ಅಮ್ಮನ ವಿಡಿಯೊ ಕಾಲ್ ಬಂತು.

"ಸುಮಾ, ಟ್ಯಾಂಕ್ ಖಾಲಿ ಕಣೇ. ನಿನ್ನ ಬಿಳೀ ಡಬ್ಬಿ ಸತ್ತು ಕೂತಿದೆ."

"ಸಂಪಲ್ಲಿ ನೀರಿಲ್ವಾ?"

"ಸಂಪು ತುಂಬಿ ತುಳುಕ್ತಾ ಇದೆ. ಮೇಲಕ್ಕೆ ಹತ್ತಬೇಕಲ್ಲ! ಶಿವಲೀಲಾ ಮುಚ್ಚಳ ತೆಗೆದು ಬಕೆಟ್‌ನಲ್ಲಿ ಸೇದಿ ಸೇದಿ ಮೇಲಕ್ಕೂ ತಂದ್ಕೊಡ್ತಾ ಇದಾಳೆ. ನನ್ನ ಮಂಡಿ ನೋವು ನೋಡಿ, ಬೇಡ ಅಂದ್ರೂ ಕೇಳಲ್ಲ. ಹೋದ ಸಲ ಅವಳಿಗೆ ಏನಾಯ್ತು ಅಂತ ನಿಂಗೆ ಗೊತ್ತಲ್ವಾ?"

ಬ್ರೆಡ್ಡನ್ನು ಪಕ್ಕಕ್ಕಿಟ್ಟೆ. ಶಿವಲೀಲಾ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವ ಹುಡುಗಿ, ಬಾಗಲಕೋಟೆ ಕಡೆಯವಳು. ಗಂಡ ಬಸವರಾಜ ಊಟ ತಲುಪಿಸುವ ಕೆಲಸಕ್ಕೆ ಬೈಕಿನಲ್ಲಿ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ತುಂಬು ಬಸುರಿ. ಭಾರ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದನ್ನು ಅಮ್ಮ ದಿನಾ ಅವಳಿಗೆ ನೆನಪಿಸುತ್ತಿದ್ದರು.

ರಘುವನ್ನು ಕರೆದು ಕೇಳಿದೆ. ಅವನ ಮುಖದಲ್ಲಿ ಗಾಬರಿಗಿಂತ ಮೊದಲು ಹೊಳೆದದ್ದು ಬೆರಗು.

"ರಜಾ ಮೋಡ್ ಆನ್ ಆಗಿದೆ ಅಕ್ಕ! ಫೋನ್ ಊರು ಬಿಟ್ರೆ ಮನೆ ಖಾಲಿ ಅಂತ ಅಂದ್ಕೊಂಡು ಡಬ್ಬಿ ತಾನೇ ಮೋಟಾರ್ ಬಂದ್ ಮಾಡುತ್ತೆ. ಸೇಫ್ಟಿಗೆ."

"ಮನೇಲಿ ಅಮ್ಮ ಇದಾರೆ ಕಣೋ!"

"ಅಮ್ಮನ ಫೋನ್ ಸಿಸ್ಟಮ್‌ನಲ್ಲಿ ಇಲ್ವಲ್ಲ ಅಕ್ಕ."

ಹೆತ್ತ ತಾಯಿ ಸಿಸ್ಟಮ್ಮಿನಲ್ಲಿ ಇಲ್ಲ ಎಂದು ಇಷ್ಟು ಸಮಾಧಾನವಾಗಿ ಹೇಳಿದ ಮಗನನ್ನು ಕಾಲುವೆಗೆ ತಳ್ಳದೆ ಬಿಟ್ಟದ್ದು ನನ್ನ ದೊಡ್ಡತನ. ಆ್ಯಪ್ ತೆರೆದೆ. ಹೊಸ ದೇಶ, ಹೊಸ ಸಿಮ್, ನೀವು ನೀವೇ ಎಂದು ಖಚಿತಪಡಿಸಿ, ನಿಮ್ಮ ನಂಬರಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಆ ನಂಬರಿನ ಸಿಮ್ ನನ್ನ ಪರ್ಸಿನಲ್ಲಿ ಮಲಗಿತ್ತು. ಅದನ್ನು ಮತ್ತೆ ಹಾಕಿದರೆ ಸಿಗ್ನಲ್ ಇಲ್ಲ. ಹೊರದೇಶದಲ್ಲಿ ಅದು ಕೆಲಸ ಮಾಡಬೇಕಾದರೆ ಮೊದಲು ಅದನ್ನು ಚಾಲೂ ಮಾಡಬೇಕು, ಚಾಲೂ ಮಾಡಲು ಒಟಿಪಿ ಬೇಕು.

ಮೂರನೆಯ ದಿನ, ಮಧ್ಯಾಹ್ನ: ಸಹಾಯದ ಕೋಣೆ

ಡಬ್ಬಿ ಮಾಡಿದವರ ಕಚೇರಿಯ ಪಕ್ಕದಲ್ಲೇ ಇದ್ದೇನಲ್ಲ, ಇನ್ನೇನು ಚಿಂತೆ ಎಂದು ಯೊರಿಸ್ ಬಳಿ ಓಡಿದೆ. ಅವನು ನಿಜವಾಗಿ ನೊಂದುಕೊಂಡ. ಆದರೆ ಗ್ರಾಹಕರ ಖಾತೆಯೊಳಗೆ ಕೈ ಹಾಕುವಂತಿಲ್ಲ, ಸಹಾಯ ವಿಭಾಗಕ್ಕೆ ಬರೆಯಿರಿ ಎಂದ. ಸಹಾಯ ವಿಭಾಗ ಎಲ್ಲಿದೆ ಎಂದೆ. ಅದೇ ಮಹಡಿಯಲ್ಲಿ, ಎದುರು ಕೋಣೆಯಲ್ಲಿ.

ಅಲ್ಲಿ ಕೂತಿದ್ದ ಹೆಂಗಸು ಸೌಜನ್ಯದ ಮೂರ್ತಿ. ನಾನು ಎದುರಿಗೇ ನಿಂತಿದ್ದರೂ ಚಾಟಿನಲ್ಲಿ ಬರೆಯಬೇಕೆಂದಳು. ಅವಳ ಎದುರೇ ನಿಂತು ಫೋನಿನಲ್ಲಿ ಬರೆದೆ. 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಎರಡು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ' ಎಂದು ಉತ್ತರ ಬಂತು.

"ಇದನ್ನು ನೀವು ಬರೆದಿರಾ?"

"ಇಲ್ಲ, ಅದು ತಾನೇ ಬರುತ್ತದೆ."

"ಒಬ್ಬಳು ಬಸುರಿ ನೀರು ಹೊರುತ್ತಿದ್ದಾಳೆ."

"ಅಯ್ಯೋ, ಬಹಳ ಬೇಸರದ ವಿಷಯ. ಅದನ್ನೂ ಚಾಟಿನಲ್ಲಿ ಸೇರಿಸಿ" ಎಂದಳು.

ಯೊರಿಸ್ ಬಳಿಗೆ ವಾಪಸು ಬಂದು ಕೇಳಿದೆ. "ಡಬ್ಬಿಯನ್ನು ಕೈಯಲ್ಲಿ ಚಾಲೂ ಮಾಡಲು ದಾರಿಯೇ ಇಲ್ಲವೇ?"

"ಇಲ್ಲ. ಅದರ ಅಗತ್ಯವೇ ಬೀಳದ ಹಾಗೆ ವಿನ್ಯಾಸ ಮಾಡಿದ್ದೇವೆ" ಎಂದ. ಪ್ರಿಯಾ ಒಪ್ಪಿದಳೆಂದು ಕಾಣುತ್ತದೆ, ಸುಮ್ಮನೆ ಕೂತಿದ್ದಳು.

ನಾಲ್ಕನೆಯ ದಿನ: ಊರಾಚೆಯ ಪಂಪ್‌ಹೌಸ್

ಬೆಂಗಳೂರಿನಲ್ಲಿ ಅಂದು ಆಯುಧಪೂಜೆಯ ಹಿಂದಿನ ದಿನ. ನಮ್ಮ ಕಾರ್ಖಾನೆಯವರು ಯಂತ್ರಗಳನ್ನು ತೊಳೆದಿಟ್ಟು ಊರಿಗೆ ಹೊರಟುಹೋಗಿದ್ದರು. ಪರಿಚಯದ ಎಲೆಕ್ಟ್ರಿಷಿಯನ್ "ಹಬ್ಬ ಮುಗಿಸ್ಕೊಂಡು ಬರ್ತೀನಿ ಮೇಡಂ" ಎಂದ. ಬಸವರಾಜ ಹೊರಡುವ ಮೊದಲು ಡ್ರಮ್ಮು ತುಂಬಿಸಿದ್ದನಂತೆ. ಹಬ್ಬಕ್ಕೆ ಮನೆ ತೊಳೆಯುವ ಹೊತ್ತಿಗೆ ಅದೂ ಮುಗಿದು, ಶಿವಲೀಲಾ ಮತ್ತೆ ಬಕೆಟ್ ಹಿಡಿದಿದ್ದಳು. ಡಬ್ಬಿಯನ್ನು ಬಿಚ್ಚಿ ತಂತಿ ಜೋಡಿಸೋಣವೆಂದರೆ ಅದಕ್ಕೆ ಯಾರೂ ಬಿಚ್ಚಲಾಗದ ಸ್ಕ್ರೂ ಹಾಕಿದ್ದರು. ಆ ಸ್ಕ್ರೂ ರಘುವಿನ ಐಡಿಯಾ.

ಇಂಥ ದಿನ ಕಂಪನಿಯವರು ನಮ್ಮನ್ನು ಸಂತೋಷಪಡಿಸಲು ಊರಾಚೆಯ ಪಂಪ್‌ಹೌಸ್ ತೋರಿಸಲು ಕರೆದೊಯ್ದರು. ಆ ದೇಶದ ಕಾಲು ಭಾಗ ಸಮುದ್ರಕ್ಕಿಂತ ಕೆಳಗಿದೆ. ಪಂಪು ನಿಂತರೆ ಮನೆಯೊಳಗೆ ನೀರು ಬರುತ್ತದೆ. ನಾವು ನೀರನ್ನು ಮೇಲಕ್ಕೆ ಎತ್ತಿ ಬದುಕುವವರು, ಅವರು ಆಚೆಗೆ ಎಸೆದು ಬದುಕುವವರು. ಒಳಗೆ ಕಂಪ್ಯೂಟರು, ಬಣ್ಣಬಣ್ಣದ ಪರದೆ, ಎಲ್ಲವೂ ತಾನೇ ನಡೆಯುತ್ತದೆ ಎಂದರು. ಅದರ ಪಕ್ಕದಲ್ಲೇ ಕಬ್ಬಿಣದ ಒಂದು ದೊಡ್ಡ ಕೈಚಕ್ರ. ಎಣ್ಣೆ ಹಾಕಿ, ಕೆಂಪು ಬಣ್ಣ ಹೊಡೆದು, ಈಗ ತಾನೇ ತಿರುಗಿಸಿದಂತೆ ಇಟ್ಟಿದ್ದರು.

"ಇದು ಯಾಕೆ?" ಎಂದು ಅಲ್ಲಿಯ ನೌಕರನನ್ನು ಕೇಳಿದೆ.

ಅವನು ನನ್ನನ್ನು ಪೆದ್ದಿಯ ಹಾಗೆ ನೋಡಿದ. "ಕಂಪ್ಯೂಟರು ಕೆಟ್ಟರೆ?"

ಯೊರಿಸ್ ಕಡೆ ತಿರುಗಿದೆ. ಅವನು ಕಾಲುವೆಯ ಬಾತುಕೋಳಿಗಳ ಬಗ್ಗೆ ರಘುವಿಗೆ ಏನೋ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ತಮ್ಮ ಕಾಲು ನೆನೆಯುವ ಪ್ರಶ್ನೆ ಬಂದಾಗ ಇವರಿಗೆ ಕೈಚಕ್ರ ಬೇಕು. ನಮ್ಮ ಮನೆಯ ಬಸುರಿಗೆ ಮಾತ್ರ ನೆಮ್ಮದಿ ಸಾಕು. ಇದನ್ನು ವ್ಯಾನಿನಲ್ಲಿ ಕೂತ ಮೇಲೆ ಜೋರಾಗಿಯೇ ಹೇಳಿದೆ. ಯೊರಿಸ್ "ನೇರವಾಗಿ ಮಾತಾಡುತ್ತೀರಿ, ನಮ್ಮವರ ಹಾಗೆ" ಎಂದು ಮೆಚ್ಚಿಕೊಂಡ. ಬೈದರೂ ತಾಗದವರ ಜೊತೆ ಜಗಳವಾಡುವುದು ಹೇಗೋ ನನಗೆ ಗೊತ್ತಿಲ್ಲ.

ಐದನೆಯ ದಿನ: ಆಯುಧಪೂಜೆ

ಸಹಿಯ ದಿನ. ಕಾಗದಪತ್ರಗಳು ಮೇಜಿನ ಮೇಲೆ ಸಿದ್ಧವಾಗಿದ್ದವು. ರಘು ಪೆನ್ನಿನ ಕ್ಯಾಪ್ ತೆಗೆಯುವಾಗ ಅಮ್ಮನ ವಿಡಿಯೊ ಕಾಲ್ ಬಂತು. ಹಿಂದೆ ಗುಂಯ್ ಎಂಬ ಸದ್ದು. ಆ ಸದ್ದು ಕೇಳಿ ನಾನು ಸ್ಟೂಲಿನಿಂದ ಎದ್ದೇಬಿಟ್ಟೆ.

"ಮೋಟಾರ್ ಓಡ್ತಾ ಇದೆ ಕಣೇ!" ಅಮ್ಮ ಕೂಗುತ್ತಿದ್ದರು. "ಗಾಡಿಗೆ, ಮಿಕ್ಸಿಗೆ, ಎಲ್ಲದಕ್ಕೂ ಕುಂಕುಮ ಇಟ್ಟೆ. ನಿನ್ನ ಡಬ್ಬಿಗೂ ಇಡೋಣ ಅಂತ ಮಧ್ಯಕ್ಕೆ ಬೆರಳಿಟ್ಟು ಒತ್ತಿ ಹಿಡ್ಕೊಂಡು ಶ್ಲೋಕ ಹೇಳ್ತಾ ಇದ್ದೆ, ಗುರ್ ಅಂತು! ತಾಯಿ ಕಣ್ಣು ಬಿಟ್ಟಳು ಕಣೇ!"

ನಾನು ಕೋಣೆಯವರಿಗೆ ವಿಷಯ ಹೇಳಿದೆ. ಮೂಲೆಯಲ್ಲಿದ್ದ ಎಂಜಿನಿಯರ್ ಒಬ್ಬ ಕೆಮ್ಮಿದ. ಡಬ್ಬಿಯ ನಡುವೆ, ಮುಚ್ಚಳದ ಅಡಿಯಲ್ಲಿ, ಬೆರಳಿಟ್ಟರೆ ಗುರುತಿಸುವ ಒಂದು ಜಾಗವಿದೆಯಂತೆ. ಐದು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ ಮೋಟಾರ್ ಓಡುತ್ತದೆ, ಮತ್ತೆ ಹಾಗೇ ಒತ್ತಿದರೆ ನಿಲ್ಲುತ್ತದೆ. ರಿಪೇರಿಯವರಿಗೆಂದು ಇಟ್ಟದ್ದು. ಯೊರಿಸ್‌ಗೂ ಗೊತ್ತಿರಲಿಲ್ಲ. ಗ್ರಾಹಕರಿಗೆ ಗೊಂದಲವಾಗಬಾರದೆಂದು ಎಲ್ಲೂ ಗುರುತು ಹಾಕಿರಲಿಲ್ಲ.

"ಅದ್ಭುತ!" ಎಂದ ಯೊರಿಸ್. "ಯಾರೂ ಹೇಳಿಕೊಡದೆ ಕಂಡುಹಿಡಿದರು! ವಿನ್ಯಾಸ ಎಷ್ಟು ಸಹಜವಾಗಿದೆ ನೋಡಿ!" ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಳು ಆಗಲೇ ಬರೆದುಕೊಳ್ಳಲು ಹಳದಿ ಚೀಟಿ ಕಿತ್ತಿದ್ದಳು. ಎಂಜಿನಿಯರ್ ಹೇಳಿದ್ದನ್ನು ಅಮ್ಮನಿಗೆ ತಿಳಿಸಿದೆ. ನೋಡೋಣವೆಂದು ಅವರು ಮತ್ತೆ ಒತ್ತಿ ಹಿಡಿದರು, ಮೋಟಾರು ನಿಂತಿತು. ಮತ್ತೆ ಚಪ್ಪಾಳೆ.

ಫೋನಿನಲ್ಲಿ ಅಮ್ಮನ ಹಿಂದೆ ಶಿವಲೀಲಾ ಗೋಡೆಗೆ ಒರಗಿ ನಿಂತಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು, ಮುಖ ಬಾಡಿತ್ತು.

"ಇನ್ನು ನೀರು ಹೊರಬೇಡ ಶಿವಲೀಲಾ. ಹೇಗಿದೀಯಮ್ಮಾ?" ಎಂದೆ.

"ಆರಾಮ ಅದೀನ್ರಿ ಅಕ್ಕಾರ." ಡಬ್ಬಿಯ ಕಡೆ ನೋಡಿದಳು. "ನಾನೂ ಮುಟ್ಟಿದ್ನಿರಿ ಅದನ್ನ. ಎಲ್ಲಾ ಕಡೆ ಬಡದು ಬಡದು ನೋಡಿದ್ನಿ. ನನಗ ಚಾಲೂನ ಆಗ್ಲಿಲ್ರಿ. ಅಮ್ಮಾರು ಒಮ್ಮೆ ಕುಂಕುಮದ ಬಟ್ಟ ಇಟ್ಟಿದ್ದಕ್ಕ ಆತು. ನನ್ನ ಕೈಗುಣಾನ ಚಲೋ ಇಲ್ಲ ಅನಸ್ತೈತ್ರಿ. ಹೋದ ಸಲಾನೂ ಹಂಗ ಆತಲ್ರಿ." ಹೇಳುತ್ತಾ ಒಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ರಘು ಪೆನ್ನು ಕೆಳಗಿಟ್ಟ. ಆ ಐದು ದಿನಗಳಲ್ಲಿ ನಾನು ಅವನನ್ನು ಬೈಯದ ಬೈಗುಳವಿರಲಿಲ್ಲ, ಒಂದೂ ಅವನನ್ನು ಮುಟ್ಟಿರಲಿಲ್ಲ. ಇದು ಮುಟ್ಟಿತು. ನನ್ನ ಕೈಯಿಂದ ಫೋನು ತೆಗೆದುಕೊಂಡ.

"ಶಿವಲೀಲಾ, ಒಂದು ನಿಮಿಷ ಇಲ್ಲಿ ಬನ್ನಿಮ್ಮಾ. ಡಬ್ಬಿ ಹತ್ರ ನಿಂತ್ಕೊಳ್ಳಿ. ಅಮ್ಮ ಕುಂಕುಮ ಇಟ್ಟಿರೋ ಜಾಗದಲ್ಲೇ ಬೆರಳಿಡಿ."

"ಬ್ಯಾಡ್ರಿ ಅಣ್ಣಾರ. ನಾ ಮುಟ್ಟಿ ಮತ್ತ ಕೆಟ್ಟಗಿಟ್ಟೀತು."

"ಕೆಡಲ್ಲ. ಇಡಿ. ನಾನು ಎಣಿಸ್ತೀನಿ, ಐದಾಗೋವರೆಗೂ ಬಿಡಬೇಡಿ. ಒಂದು. ಎರಡು."

ಚಪ್ಪಾಳೆ ನಿಂತಿತ್ತು. ಏನು ನಡೆಯುತ್ತಿದೆ ಎಂದು ತಿಳಿಯದೆ ಯೊರಿಸ್ ನಮ್ಮಿಬ್ಬರ ಮುಖ ನೋಡುತ್ತಿದ್ದ. ರಘು ಐದು ಎಂದ. ಬಸವೇಶ್ವರನಗರದಲ್ಲಿ ಮೋಟಾರು ಗುಂಯ್ ಎಂದಿತು. ಶಿವಲೀಲಾ ಬೆರಳು ತೆಗೆಯಲೇ ಇಲ್ಲ. ಬಾಯಿಗೆ ಸೆರಗು ಹಿಡಿದು ಅತ್ತಳು. ನನಗೂ ತಡೆಯಲಾಗಲಿಲ್ಲ.

ಯೊರಿಸ್ ಮೆಲ್ಲಗೆ ಕೇಳಿದ. "ಸಂತೋಷಕ್ಕೆ ಅಳುತ್ತಿದ್ದಾರೆಯೇ?"

ರಘು ಕಾಗದಗಳನ್ನು ಮೇಜಿನ ಆಚೆ ತುದಿಗೆ ತಳ್ಳಿದ. ಗುಂಡಿ ಇಲ್ಲದ ಡಬ್ಬಿಯನ್ನು ನಾನು ಮಾಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಫೋನಿನ ಕಡೆ ತಿರುಗಿದ.

"ನೋಡಿಮ್ಮಾ, ನಿಮ್ಮ ಕೈಗುಣದಲ್ಲಿ ಏನೂ ದೋಷ ಇಲ್ಲ. ಒತ್ತಿ ಹಿಡೀಬೇಕಿತ್ತು, ಅಷ್ಟೇ. ಅಲ್ಲೊಂದು ಜಾಗ ಇದೆ ಅಂತ ನಿಮಗೆ ಯಾರೂ ಹೇಳಿರಲಿಲ್ಲ."

ಶಿವಲೀಲಾ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು.

"ಮತ್ತ ಯಾಕ ಹೇಳ್ಲಿಲ್ರಿ ಅಣ್ಣಾರ?"

ರಘು ಅವಳು ಕೇಳಿದ್ದನ್ನು ಹಾಗೇ ಇಂಗ್ಲಿಷಿನಲ್ಲಿ ಯೊರಿಸ್‌ಗೆ ಹೇಳಿದ. ಯೊರಿಸ್ ಎಂಜಿನಿಯರ್ ಕಡೆ ನೋಡಿದ. ಎಂಜಿನಿಯರ್ ಮೇಜು ನೋಡಿದ. ಫೋನಿನಲ್ಲಿ ಶಿವಲೀಲಾ ಇನ್ನೂ ಕಾಯುತ್ತಿದ್ದಳು.